ಸವತಿಯ ಮನೆಗೆ ಗಾಲ್ಫ್ ಕಲಿಯಲು ಹೋದದ್ದು

ನಮ್ಮ ಯಜಮಾನರು ತೀರಿಕೊಂಡು ನಾಲ್ಕು ವರ್ಷವಾದ ಮೇಲೆ, ಗಾಲ್ಫ್ ಕಲಿಯಲು ಬನ್ನಿ ಎಂದು ಅವರ ಹೆಸರಿಗೆ ಕಾಗದ ಬಂತು.

ನಾನು ಓದಿದ್ದು ಮೂರನೇ ಕ್ಲಾಸು. ಅದರಲ್ಲೂ ಅರ್ಧ ವರ್ಷ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಓದಿದ್ದು. ಅಕ್ಷರಕ್ಕೆ ಅಕ್ಷರ ಕೂಡಿಸಿ ಕಾಗದ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ಮೈದಾನದ ಹಳೆಯ ನೌಕರರಿಗೂ ಅವರ ಮನೆಯವರಿಗೂ ಹೊಸಬರ ತರಗತಿಯಂತೆ. ಮಂಗಳವಾರ ಬೆಳಿಗ್ಗೆ ಏಳಕ್ಕೆ. ಮೊದಲ ದಿನ ಬಂದು ನೋಡಿ, ಇಷ್ಟವಾದರೆ ಕೆಳಗಿನ ಚೀಟಿಗೆ ಸಹಿ ಹಾಕಿ ಕೊಡಬೇಕಂತೆ. ಕೋಲು, ಚೆಂಡು ಅವರದೇ ಅಂತೆ. ಹಾಲು ಒರೆಸುತ್ತಾ ಅಂದುಕೊಂಡೆ: ಅವರು ಇದ್ದಿದ್ದರೆ ಈ ಕಾಗದ ಓದಿದ ಸಿಟ್ಟಿಗೇ ಸಾಯುತ್ತಿದ್ದರು.

ಯಾಕೆಂದರೆ ನಮ್ಮವರು ಮೂವತ್ತೊಂದು ವರ್ಷ ಆ ಗಾಲ್ಫ್ ಮೈದಾನದಲ್ಲಿ ಹುಲ್ಲಿನ ಮೇಸ್ತ್ರಿಯಾಗಿದ್ದವರು. ಹುಲ್ಲು ಕತ್ತರಿಸುವುದು, ನೀರು ಹಾಯಿಸುವುದು, ಕಳೆ ಕೀಳುವುದು, ಇದೇ ಅವರ ಜನ್ಮ. ಆಡುವವರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿ. ಚೆಂಡಿಗೆ ಹೊಡೆಯಿರಿ ಎಂದು ಕೋಲು ಕೊಟ್ಟರೆ ಹೊಸಬರೆಲ್ಲ ನೆಲಕ್ಕೆ ಹೊಡೆಯುತ್ತಾರೆ, ಒಂದೊಂದು ಏಟಿಗೆ ಅಂಗೈಯಗಲ ಹುಲ್ಲು ಮಣ್ಣು ಸಮೇತ ಎದ್ದು ಬರುತ್ತದೆ ಎಂದು ಪ್ರತಿ ಸಂಜೆ ನನ್ನ ಮುಂದೆ ಗೋಳು. 'ಅಗೆಯೋಕೆ ಅಷ್ಟು ಆಸೆ ಇದ್ರೆ ಬಾವಿ ತೋಡ್ಲಿ! ಕುಡಿಯೋಕೆ ನೀರಾದ್ರೂ ಸಿಗುತ್ತೆ!' ಎಂದು ಕೂಗಾಡುತ್ತಿದ್ದರು. (ನಾನೇ ಅಗೆದವಳೇನೋ ಎಂಬಂತೆ ನನ್ನನ್ನೇ ನೋಡಿಕೊಂಡು.)

ನನಗೆ ಜ್ವರ ಬಂದರೆ 'ಮಾತ್ರೆ ತಗೊಂಡ್ಯಾ?' ಎಂಬಲ್ಲಿಗೆ ಅವರ ಕಾಳಜಿ ಮುಗಿಯಿತು. ಚೆಂಡು ಬೀಳಿಸುವ ಏಳನೇ ಕುಳಿಯ ಬಾವುಟದ ಹತ್ತಿರ ಒಂದು ಚಾಪೆಯಷ್ಟು ಹುಲ್ಲು ಹಳದಿಯಾದರೆ ಮೂರು ದಿನ ಊಟ ಸೇರುತ್ತಿರಲಿಲ್ಲ. ಒಂದು ಸಲ ನಿದ್ದೆಗಣ್ಣಿನಲ್ಲಿ ನನ್ನ ತಲೆ ಸವರಿ 'ಬೇರು ಗಟ್ಟಿಯಾಗಿದೆ' ಎಂದರು! ಬೇರೆ ಹೆಂಗಸರಿಗೆ ಸವತಿಯಾದರೆ ಜಡೆ ಹಿಡಿದು ಎಳೆಯಬಹುದು. ನನ್ನ ಸವತಿಗೆ ಜಡೆಯೇ ಇರಲಿಲ್ಲ. ವಾರಕ್ಕೆರಡು ಸಲ ಕತ್ತರಿಸಿಬಿಡುತ್ತಿದ್ದರಲ್ಲ!

ನನಗೆ ಇದ್ದ ಹೆಮ್ಮೆ ಒಂದೇ, ನನ್ನ ಮನೆಯ ನೆಲ. ಎರಡು ಹೊತ್ತು ಮಂಡಿಯೂರಿ ಒರೆಸುತ್ತಿದ್ದೆ. ಬಗ್ಗಿ ನೋಡಿದರೆ ಹಣೆಯ ಗೆರೆ ಕೂಡ ಕಾಣಬೇಕು, ಹಾಗೆ. ಇವರಿಗೋ ಗೋಳು ಹೇಳಿಕೊಳ್ಳುವ ಅವಸರದಲ್ಲಿ ಬಾಗಿಲಲ್ಲಿ ಬೂಟು ಬಿಚ್ಚುವಷ್ಟು ವ್ಯವಧಾನ ಇರುತ್ತಿರಲಿಲ್ಲ. ಬಾಗಿಲಿಂದ ಅಡುಗೆಮನೆಯವರೆಗೆ ಹುಲ್ಲು ಮೆತ್ತಿದ ಮಣ್ಣಿನ ಹೆಜ್ಜೆ.

'ಒರೆಸಿದ ನೆಲ ಇದು, ಕಣ್ಣು ಕಾಣಲ್ವಾ? ಕಾಲಲ್ಲಿ ಇಡೀ ಮೈದಾನ ಹೊತ್ಕೊಂಡು ಬಂದಿದ್ದೀರಾ?'

'ಒಣಗಿದ್ಮೇಲೆ ಉದುರುತ್ತೆ ಬಿಡು.'

ಮೂವತ್ತೊಂದು ವರ್ಷ ಇದೇ ಪ್ರಶ್ನೆ, ಇದೇ ಉತ್ತರ. ಬೇರೆ ಉತ್ತರ ಕಲಿಯುವ ಗೋಜಿಗೇ ಅವರು ಹೋಗಲಿಲ್ಲ.

ಮಗನಿಗೆ ನಾಲ್ಕು ವರ್ಷವಿದ್ದಾಗ ಒಂದು ಸಲ ಬಾಯಿಬಿಟ್ಟು ಕೇಳಿದೆ. ಆ ದಿನ ನಾನು ನೀಲಿ ಸೀರೆ ಉಟ್ಟಿದ್ದೆ, ಹೊಸ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದ್ದೆ, ಎಡಗಾಲಿನದು ಕಚ್ಚುತ್ತಿತ್ತು. 'ನಂಗೂ ಒಂದ್ಸಲ ನಿಮ್ಮ ಮೈದಾನ ತೋರಿಸ್ರೀ' ಎಂದೆ. ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು.

'ನೀನು ಬಂದ್ರೆ ತುಳೀತೀಯ' ಎಂದರು.

'ತುಳೀದೆ ಹಾರ್ಕೊಂಡು ಬರ್ಲಾ? ಹೋಗ್ರೀ! ನಿಮ್ಮ ಹುಲ್ಲಿನ ಮೇಲೆ ನಾನು ಸತ್ರೂ ಕಾಲಿಡಲ್ಲ!'

'ಒಳ್ಳೇದಾಯ್ತು' ಎಂದು ಕೈ ತೊಳೆದು ಊಟಕ್ಕೆ ಕುಳಿತರು.

ಅವತ್ತಿನಿಂದ ನಾನು ಆ ಕಡೆ ತಲೆ ಹಾಕಲಿಲ್ಲ. ಅವರ ಬೀಳ್ಕೊಡುಗೆಯ ದಿನವೂ ತಲೆನೋವೆಂದು ಮಲಗಿಬಿಟ್ಟೆ. ಹಾರ ಹಿಡಿದುಕೊಂಡು ಮನೆಗೆ ಬಂದರು, ಬೂಟಿನಲ್ಲೇ. ಆ 'ಒಳ್ಳೇದಾಯ್ತು' ಮಾತ್ರ ಅವರು ಹೋದ ಮೇಲೂ ಹೋಗಲಿಲ್ಲ, ಹೊಲಿಗೆಯ ಸೂಜಿಯ ಹಾಗೆ ಎಲ್ಲೋ ಒಳಗೆ ಉಳಿದುಕೊಂಡಿತು. ಸುಮ್ಮನೆ ಕುಳಿತರೆ ಚುಚ್ಚುತ್ತದೆ.

ಈಗ ಈ ಕಾಗದ.

ನಮ್ಮ ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಯಾವ ಸಮಸ್ಯೆ ಹೇಳಿದರೂ ದಿನಕ್ಕೆರಡು, ಊಟದ ನಂತರ ಎಂಬ ಧಾಟಿಯಲ್ಲೇ ಪರಿಹಾರ ಹೇಳುತ್ತಾಳೆ. ಕಾಗದ ಓದಿದವಳೇ, 'ಅತ್ತೆ, ನೀವು ಹೋಗಿ. ಮಂಡಿಗೆ ಮೆತ್ತನೆ ನೆಲದ ಮೇಲೆ ನಡೀಬೇಕು ಅಂತ ಡಾಕ್ಟ್ರು ಹೇಳಿಲ್ವಾ?' ಎಂದಳು. (ಮಂಡಿಯ ನೆಪದಲ್ಲಿ ಅದೇ ಡಾಕ್ಟರು ನನ್ನಿಂದ ನೆಲ ಒರೆಸುವುದನ್ನೂ ಬಿಡಿಸಿದ್ದಾರೆ. ಈಗ ಸೊಸೆ ನಿಂತುಕೊಂಡೇ ಉದ್ದ ಕೋಲಿನಲ್ಲಿ ಒರೆಸುತ್ತಾಳೆ. ಮೂಲೆಗಳ ವಿಷಯ ನಾನು ಮಾತಾಡುವುದಿಲ್ಲ.)

'ಎಪ್ಪತ್ತೆರಡು ವರ್ಷಕ್ಕೆ ಗಾಲ್ಫಾ? ಜನ ನಗ್ತಾರೆ ಕಣೇ.'

'ನಗ್ಲಿ ಬಿಡಿ. ನೀವು ಮನೇಲಿ ಕೂತ್ರೂ ನಗೋರು ನಗ್ತಾರೆ.'

'ನಾನು ಸತ್ರೂ ಕಾಲಿಡಲ್ಲ ಅಂತ ನಿಮ್ಮ ಮಾವನಿಗೆ ಹೇಳಿದ್ದೆ.'

'ನೀವಿನ್ನೂ ಸತ್ತಿಲ್ವಲ್ಲ ಅತ್ತೆ. ಹೋಗ್ಬಹುದು.'

ಮಗನ ಕಡೆ ನೋಡಿದೆ. ಅವನು ಪೇಪರಿನ ಹಿಂದಿನಿಂದ 'ಹೂಂ' ಎಂದ. ಅದು ಯಾರ ಪರ ಎಂದು ಇವತ್ತಿಗೂ ತಿಳಿದಿಲ್ಲ.

ಎರಡು ದಿನ ಯೋಚಿಸಿದೆ. ಹೋದರೆ ಮಾತು ತಪ್ಪಿದ ಹಾಗೆ. ಮಾತು ಕೇಳಿಸಿಕೊಂಡವರು ಈಗ ಇಲ್ಲ. ಇಲ್ಲದವರಿಗೆ ಕೊಟ್ಟ ಮಾತನ್ನು ಮುರಿಯುವುದು ಸುಲಭ ಎಂದುಕೊಂಡಿದ್ದೆ, ಅದೇ ಕಷ್ಟ ಎಂದು ಆಗ ಗೊತ್ತಾಯಿತು. ಇದ್ದಿದ್ದರೆ ಜಗಳವಾಡಿಯಾದರೂ ಮುರಿಯಬಹುದಿತ್ತು. ಸೋಮವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ, ಆಗುತ್ತದೋ ನೋಡೋಣವೆಂದು ನೆಲ ಒರೆಸುವ ಕೋಲನ್ನು ತಿರುಗಿಸಿ ಹಿಡಿದು ಒಂದು ಈರುಳ್ಳಿಗೆ ಬಾರಿಸಿದೆ. ಈರುಳ್ಳಿ ಇದ್ದಲ್ಲೇ ಇತ್ತು. ಗೋಡೆಯ ಮೇಲೆ ಯಜಮಾನರ ಫೋಟೋ ಓರೆಯಾಯಿತು.

ಓರೆಯಾದ ಮುಖದಲ್ಲಿ ಅವರು 'ಒಳ್ಳೇದಾಯ್ತು' ಎಂದ ಹಾಗಿತ್ತು. ಆಗ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಅಲ್ಲಾ, ಇಷ್ಟು ವರ್ಷ ನನ್ನ ಸಂಸಾರ ಹಂಚಿಕೊಂಡ ಸವತಿಯನ್ನು ತುಳಿಯುವುದು ಮಾತ್ರವಲ್ಲ, ಕೋಲು ಹಿಡಿದು ಬಾರಿಸುವುದಕ್ಕೆ ಅವಳ ಮನೆಯವರೇ ಕಾಗದ ಹಾಕಿ ಕರೆಯುತ್ತಿದ್ದಾರೆ! ಇಂಥ ಯೋಗ ಯಾವ ಹೆಂಗಸಿಗೆ ಬಂದೀತು? ಫೋಟೋ ಹಾಗೆ ಓರೆಯಾಗಿಯೇ ಇರಲಿ ಎಂದು ಬಿಟ್ಟೆ.

ಮಂಗಳವಾರ ಸೊಸೆಯ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಹೊರಟೆ. ಅವಳಿಗೆ ಅವತ್ತು ರಜೆ. 'ಹೊಸದು ಅತ್ತೆ, ಜೋಪಾನ' ಎಂದು ಮೂರು ಸಲ ಹೇಳಿ ಕಳಿಸಿದಳು.

ಗೇಟು ದಾಟಿ ನಿಂತೆ. ಸುಳ್ಳು ಹೇಳಬಾರದು, ಸವತಿ ಸುಂದರಿ. ಇಳಿಜಾರಿನುದ್ದಕ್ಕೂ ಒಂದು ಪಟ್ಟೆ ತಿಳಿ ಹಸಿರು, ಒಂದು ಪಟ್ಟೆ ಕಡು ಹಸಿರು, ತುದಿತುದಿಗೆ ಇಬ್ಬನಿ. ಯಾರೋ ಈಗಷ್ಟೇ ತಲೆ ಬಾಚಿ ಕೂರಿಸಿದ ಹಾಗೆ. ದಾರಿಯ ಅಂಚಿನಲ್ಲಿ ನನ್ನ ಕಾಲು ಹಾಗೇ ನಿಂತುಬಿಟ್ಟಿತು. ಒರೆಸಿದ ನೆಲದ ಹೊಸ್ತಿಲಲ್ಲಿ ನಿಂತ ಹಾಗೆ. 'ಬನ್ನಿ ಅಮ್ಮಾ, ಹೆದರ್ಬೇಡಿ' ಎಂದು ಕಲಿಸುವ ಮೇಷ್ಟ್ರು ಕರೆದರು, ನನ್ನ ಮಗನ ವಯಸ್ಸಿನವರು. ಹೆದರಿಕೆಯಲ್ಲಪ್ಪಾ ಎನ್ನಲು ಹೋದೆ, ಮತ್ತೇನು ಎಂದು ನನಗೇ ತಿಳಿಯಲಿಲ್ಲ.

ಕಲಿಯಲು ಬಂದಿದ್ದವರು ನಾವು ಇಬ್ಬರೇ. ಇನ್ನೊಬ್ಬರು ಮೈದಾನದ ಗುಮಾಸ್ತರೊಬ್ಬರ ಅಣ್ಣ, ರಿಟೈರಾದ ಹೆಡ್‌ಮಾಸ್ಟರು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಧೈರ್ಯ. ಮೊದಲ ಸರದಿ ಅವರದು. ಕೋಲನ್ನು ಆಕಾಶಕ್ಕೆ ಎತ್ತಿ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಒಟ್ಟಿಗೆ ನೆನೆಸಿಕೊಂಡವರ ಹಾಗೆ ಬೀಸಿದರು. ಧಪ್! ಚೆಂಡು ಅಲುಗಲಿಲ್ಲ. ಅಂಗೈಯಗಲ ಹುಲ್ಲಿನ ಹೆಂಟೆ ಹಾರಿ ಹೋಗಿ ದೂರ ಬಿತ್ತು, ಬೇರು ಮೇಲೆ ಮಾಡಿಕೊಂಡು.

ನನಗೆ ಕುಣಿದಾಡುವಷ್ಟು ಸಂತೋಷವಾಗಬೇಕಿತ್ತು.

'ರೀ ಸ್ವಾಮಿ! ಅಗೆಯೋಕೆ ಅಷ್ಟು ಆಸೆ ಇದ್ರೆ ಬಾವಿ ತೋಡಿ! ಕುಡಿಯೋಕೆ ನೀರಾದ್ರೂ ಸಿಗುತ್ತೆ!'

ಕೂಗಿದ್ದು ಯಾರು ಎಂದು ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಹೆಡ್‌ಮಾಸ್ಟರು ನನ್ನನ್ನೇ ನೋಡುತ್ತಿದ್ದರು.

ಆಮೇಲೆ ನನ್ನ ಸರದಿ. ಕಾಲು ಅಗಲಿಸಿದೆ, ಹಲ್ಲು ಕಚ್ಚಿದೆ, ನೀಲಿ ಸೀರೆ, ಕಚ್ಚುವ ಚಪ್ಪಲಿ, 'ಒಳ್ಳೇದಾಯ್ತು', ಎಲ್ಲವನ್ನೂ ನೆನೆದು ಕೋಲು ಎತ್ತಿದೆ. ಕೋಲು ಭರದಿಂದ ಇಳಿಯಿತು. ಹುಲ್ಲು ಇನ್ನೊಂದು ಗೇಣು ಇದೆ ಎನ್ನುವಾಗ ಕೈ ತಾನಾಗಿ ಮೇಲೆ ಹೋಯಿತು. ಗಾಳಿಗೆ ಸರಿಯಾದ ಏಟು! ಹೀಗೆ ಒಂಬತ್ತು ಸಲ. ಚೆಂಡು ಬಿಸಿಲು ಕಾಯಿಸಿಕೊಳ್ಳುತ್ತಾ ಕುಳಿತಿತ್ತು.

'ಅಮ್ಮಾ, ಕೋಲು ಇನ್ನೂ ಕೆಳಗೆ ಬರ್ಬೇಕು.'

'ಕೆಳಗೆ ಹುಲ್ಲಿದೆಯಲ್ಲಪ್ಪಾ.'

'ಹುಲ್ಲಿಗೆ ತಗುಲಿದ್ರೆ ಏನಾಗುತ್ತಮ್ಮಾ?'

'ಏನಾಗುತ್ತೆ ಅಂತ ಮೂವತ್ತೊಂದು ವರ್ಷ ಕೇಳಿದ್ದೀನಿ. ಮತ್ತೆ ನನ್ನ ಕೇಳ್ಬೇಡ.'

ಕೋಲನ್ನು ಮೇಷ್ಟ್ರ ಕೈಗೆ ಕೊಟ್ಟು, ಹೋಗಿ ಆ ಹೆಂಟೆಯನ್ನು ಎತ್ತಿಕೊಂಡು ಬಂದೆ. ಗುಣಿಯಲ್ಲಿ ಬೇರು ಕೆಳಗೆ ಮಾಡಿ ಇಟ್ಟೆ. ಅಂಚನ್ನು ಬೆರಳಿನಿಂದ ಒಳಕ್ಕೆ ತಳ್ಳಿದೆ. ಪಕ್ಕದ ಬಕೆಟ್ಟಿನಿಂದ ಹಿಡಿ ಮರಳು ತಂದು ಸುತ್ತ ತುಂಬಿ, ಹಿಮ್ಮಡಿಯಿಂದ ಮೆಲ್ಲಗೆ, ಮಗುವಿನ ಬೆನ್ನು ತಟ್ಟಿದ ಹಾಗೆ, ಒತ್ತಿದೆ. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. ಅವರು ದಿನಾ ತಟ್ಟೆಯಲ್ಲಿನ ಅನ್ನವನ್ನು ಗುಣಿ ಮಾಡಿ, ಮುಚ್ಚಿ, 'ನೋಡು, ಹೀಗೆ ಕೂರಿಸ್ಬೇಕು' ಎಂದು ತೋರಿಸುತ್ತಿದ್ದರು. 'ಅನ್ನ ಆರುತ್ತೆ, ಊಟ ಮಾಡ್ರೀ' ಎಂದು ನಾನು ಮುಖ ತಿರುಗಿಸುತ್ತಿದ್ದೆ. ಮುಖ ತಿರುಗಿಸಿದ್ದರೂ ಕಣ್ಣು ನೋಡಿತ್ತೆಂದು ಕಾಣುತ್ತದೆ.

ನೀರಿನ ಪೈಪು ಎಳೆದುಕೊಂಡು ಹೋಗುತ್ತಿದ್ದ ಈಗಿನ ಮೇಸ್ತ್ರಿ ನಿಂತು ನೋಡಿದ. ತಲೆಯೆಲ್ಲ ನೆರೆತಿದೆ, ನಮ್ಮವರ ಕೈಕೆಳಗೆ ಪಳಗಿದವನಂತೆ.

'ಹೀಗೆ ಒತ್ತೋರು ನಮ್ಮ ಹಳೇ ಮೇಸ್ತ್ರಿಗಳು ಒಬ್ರೇ ಇದ್ದದ್ದು' ಎಂದ. ಆಮೇಲೆ ನನ್ನ ಮುಖ ದಿಟ್ಟಿಸಿ, 'ತಾಯಿ, ನೀವು ಆ ನೆಲದಮ್ಮ ಅಲ್ವಾ?' ಎಂದ.

'ಯಾವ ನೆಲ?'

'ನಿಮ್ಮನೆ ನೆಲ ತಾಯಿ! ನಾವು ಹುಲ್ಲು ಎಷ್ಟೇ ಚೆನ್ನಾಗಿ ಕತ್ತರಿಸಿದ್ರೂ ಅವರ ಮನಸ್ಸಿಗೆ ಬರ್ತಿರ್ಲಿಲ್ಲ. "ಇದೂ ಒಂದು ಕೆಲಸವೇನ್ರೋ? ನಮ್ಮ ಮನೆಯೋಳು ಒರೆಸಿದ ನೆಲ ನೋಡ್ಬೇಕು, ಕಾಲಿಡೋಕೆ ಮನಸ್ಸಾಗಲ್ಲ, ಹಾಗಿರ್ಬೇಕು" ಅಂತ ದಿನಾ ಬೈಗುಳ. ನಿಮ್ಮ ನೆಲದ ಕಾಟ ನಾವು ಕಮ್ಮಿ ಪಟ್ಟಿಲ್ಲ! ಒಂದ್ಸಲ ಬಂದು ನೋಡ್ಕೊಂಡು ಹೋಗ್ತೀವಿ ಅಂದ್ರೆ, "ನೀವು ಬಂದ್ರೆ ತುಳೀತೀರಿ, ಬೇಡ" ಅಂದ್ಬಿಟ್ರು.'

ನಾನು ಮರಳಿನ ಬಕೆಟ್ಟಿನ ಅಂಚಿನ ಮೇಲೆ ಕುಳಿತುಬಿಟ್ಟೆ. ಒಳಗೆ ಚುಚ್ಚುತ್ತಿದ್ದ ಸೂಜಿಯನ್ನು ಯಾರೋ ಹುಡುಕಿ, ನೋವಾಗದ ಹಾಗೆ ತೆಗೆದಂತಿತ್ತು. ಎದುರಿಗೆ ಸವತಿ ಮಿನುಗುತ್ತಿದ್ದಳು. ಪಾಪ, ನನ್ನ ಹೆಸರು ಹೇಳಿ ಅವಳಿಗೂ ಎಷ್ಟು ಬೈದಿದ್ದರೋ! ಮರುಕ್ಷಣವೇ ಸಿಟ್ಟೂ ಬಂತು. ಕಾಲಿಡೋಕೆ ಮನಸ್ಸಾಗದ ಮಹಾನುಭಾವರು ದಿನಾ ಬೂಟುಗಾಲಲ್ಲೇ ಬಂದರಲ್ಲ! ಮನೆಯಲ್ಲಿ ನನಗೆ ಹೇಳಬೇಕಾದ ಮಾತನ್ನು ಮೈದಾನದ ಬೇಲಿಯೊಳಗೆ ಆಳುಗಳಿಗೆ ಹೇಳಿ ಹೋದರಲ್ಲ!

ಮೇಷ್ಟ್ರು ಚೀಟಿ ತಂದರು. 'ಏನಮ್ಮಾ, ಸೇರ್ತೀರಾ? ನಿಜ ಹೇಳ್ತೀನಿ, ಒಂಬತ್ತು ಸಲ ಬೀಸಿದ್ರಿ, ಒಂದ್ಸಲಾನೂ ಚೆಂಡಿಗೆ ತಗುಲಿಲ್ಲ.'

'ಹುಲ್ಲಿಗೂ ತಗುಲಿಲ್ಲವಲ್ಲ?' ಎಂದು ಪೆನ್ನು ಕಿತ್ತುಕೊಂಡು ಸಹಿ ಹಾಕಿದೆ. ನಾನು ಸೇರದೆ ಇದ್ದರೆ ಆ ಹೆಡ್‌ಮಾಸ್ಟರ ಹಿಂದೆ ಗುಣಿ ಮುಚ್ಚುವವರು ಯಾರು? ಅವರು ಬೀಸುತ್ತಾ ಮುಂದೆ, ನಾನು ಬಕೆಟ್ಟು ಹಿಡಿದು ಬೈಯುತ್ತಾ ಹಿಂದೆ. ಹಾಗೆ ಮೂರು ಬಾವುಟ ನಡೆದೆವು. ಮಂಡಿ ಇದೆಯೆಂಬುದೇ ಮರೆತುಹೋಗಿತ್ತು.

ಮನೆ ಸೇರುವಾಗ ಹನ್ನೊಂದು ದಾಟಿತ್ತು. ಹೇಳಿಕೊಳ್ಳುವುದಕ್ಕೆ ಎಷ್ಟೊಂದಿತ್ತು! ಬಾಗಿಲು ತಳ್ಳಿದವಳೇ ನೇರ ಅಡುಗೆಮನೆಗೆ ನುಗ್ಗಿದೆ. 'ಏ, ಕೇಳಿಲ್ಲಿ! ಆ ಹೆಡ್‌ಮಾಸ್ಟರ್ ಕೈಗೆ ಕೋಲು ಕೊಟ್ಟ ಪುಣ್ಯಾತ್ಮ ಯಾರೋ! ಹದಿನಾಲ್ಕು ಗುಣಿ ಕಣೇ, ಹದಿನಾಲ್ಕು! ಒಂದೊಂದೂ ಅಂಗೈಯಗಲ...'

ಸೊಸೆ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು.

'ಒರೆಸಿದ ನೆಲ ಇದು, ಕಣ್ಣು ಕಾಣಲ್ವಾ ಅತ್ತೆ? ಕಾಲಲ್ಲಿ ಇಡೀ ಮೈದಾನ ಹೊತ್ಕೊಂಡು ಬಂದಿದ್ದೀರಾ? ಅದೂ ನನ್ನ ಹೊಸ ಬೂಟಲ್ಲಿ!'

ತಿರುಗಿ ನೋಡಿದೆ. ಬಾಗಿಲಿಂದ ಅಡುಗೆಮನೆಯವರೆಗೆ ಹುಲ್ಲು ಮೆತ್ತಿದ ಮಣ್ಣಿನ ಹೆಜ್ಜೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಎಷ್ಟು ಹುಡುಕಿದರೂ ಬಂದದ್ದು ಒಂದೇ ಮಾತು.

'ಒಣಗಿದ್ಮೇಲೆ ಉದುರುತ್ತೆ ಬಿಡು.'

ಸೊಸೆ ನೆಲ ಒರೆಸುವ ಕೋಲನ್ನು ತಂದು ನನ್ನ ಕೈಯಲ್ಲಿಟ್ಟಳು. (ಈ ಮದ್ದು ನನಗೆ ಮೂವತ್ತೊಂದು ವರ್ಷ ಹೊಳೆದಿರಲಿಲ್ಲ. ಔಷಧಿ ಅಂಗಡಿಯವಳು ನೋಡಿ.) ಬೂಟು ಬಿಚ್ಚಿ ಬಾಗಿಲಾಚೆ ಇಟ್ಟು, ಓರೆಯಾಗಿದ್ದ ಫೋಟೋ ನೆಟ್ಟಗೆ ಮಾಡಿ, ಅವರ ಎದುರಿಗೇ ಶುರುಮಾಡಿದೆ. ಈ ಕೋಲಿನಲ್ಲಿ ಮಾತ್ರ ನನ್ನ ಏಟು ಒಂದೂ ತಪ್ಪಲಿಲ್ಲ, ಮೂಲೆಗಳಲ್ಲೂ.