ನಮ್ಮ ಸೀರೆ ಅಂಗಡಿಯ ಡ್ಯಾನ್ಸರ್

ತುಮಕೂರಿನಲ್ಲಿ ಸೀರೆ ಅಂಗಡಿ ಇಟ್ಟುಕೊಂಡವರಿಗೆ ನಗುವಿಗೂ ಬರವಿಲ್ಲ, ಸಿಟ್ಟಿಗೂ ಬರವಿಲ್ಲ. ಆ ಒಬ್ಬ ಹುಡುಗಿಯನ್ನು ಕೆಲಸಕ್ಕೆ ಇಟ್ಟುಕೊಂಡ ಮೇಲಂತೂ ನನಗೆ ಎರಡೂ ಒಟ್ಟೊಟ್ಟಿಗೇ ಬರತೊಡಗಿದವು.

ಅನುಭವ ಇದೆಯಾ?

ಅವಳು ಹುಲಿಯೂರುದುರ್ಗದ ಕಡೆಯವಳು. ನಮ್ಮ ಮ್ಯಾನೇಜರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಮೊದ್ಲು ಎಲ್ಲಿ ಕೆಲ್ಸ ಮಾಡ್ತಿದ್ದೆ?" ಅಂದರು.

"ಬೆಂಗ್ಳೂರಲ್ಲಿ ಸರ್. ಬಾರಲ್ಲಿ ಡ್ಯಾನ್ಸ್ ಮಾಡ್ತಿದ್ದೆ. ಬಾರ್ ಮುಚ್ಚಿಸ್‌ಬುಟ್ರು."

ಕನ್ನಡಕ ಕೆಳಗೇ ಬಿತ್ತು. ಇನ್ನೇನಾದರೂ ಕೇಳಲೇಬೇಕಲ್ಲ, "ಇಲ್ಲಿ ದಿನ ಪೂರ್ತಿ ನಿಂತೇ ಇರ್ಬೇಕಮ್ಮ, ಆಗುತ್ತಾ?" ಅಂದರು.

"ಹೈ ಹೀಲ್ಸ್ ಹಾಕ್ಕೊಂಡು ಗಂಟೆಗಟ್ಲೆ ಕುಣ್ದಿದೀನಿ ಸರ್. ಇಲ್ಲಿ ಬರಿಗಾಲಲ್ಲಿ ನಿಂತ್ರೆ ಸಾಕಲ್ವಾ?"

ಗಲ್ಲಾದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ನಾನು ಅಲ್ಲೇ ಕೆಲಸ ಕೊಟ್ಟೆ.

ಮರ್ಯಾದಸ್ಥರು

ನಮ್ಮಲ್ಲಿಗೆ ಬರುವ ಮೊದಲು ಅವಳು ಅಲೆದದ್ದನ್ನು ಕೇಳಿ ನನ್ನ ಮೈ ಉರಿದುಹೋಯಿತು. ಕುಣಿಗಲ್ಲಿನ ಗಾರ್ಮೆಂಟ್ಸ್ ಒಂದರಲ್ಲಿ ಚೆನ್ನಾಗಿಯೇ ಹೊಲಿಯುತ್ತಿದ್ದಳಂತೆ. ಯಾರೋ ಅವಳ ಹಳೇ ಡ್ಯಾನ್ಸಿನ ವಿಡಿಯೋ ಕಳಿಸಿದರು. ಸೂಪರ್‌ವೈಸರು ಅದನ್ನು ಪೂರ್ತಿ ನೋಡಿ, ಇನ್ನೊಂದು ಸಲ ನೋಡಿ, "ಛೀ" ಅಂದು ಕೆಲಸದಿಂದ ತೆಗೆದ. ಗುಬ್ಬಿಯಲ್ಲಿ ಕ್ಯಾಷಿಯರ್ ಕೆಲಸ ಕೇಳಿದರೆ ಮಾಲೀಕ, "ಇದು ಮರ್ಯಾದಸ್ಥರು ಬರೋ ಜಾಗ ಕಣಮ್ಮ" ಅಂದನಂತೆ. ಹೊರಗೆ ಬಂದು ಬೋರ್ಡು ನೋಡುತ್ತಾಳೆ, ಬಾರ್ ಅಂಡ್ ರೆಸ್ಟೋರೆಂಟ್!

ಇವಳ ಅಣ್ಣಂದಿರು ಇನ್ನೂ ದೊಡ್ಡ ಮರ್ಯಾದಸ್ಥರು. ಅವಳು ದುಡಿದು ಕಳಿಸಿದ್ದರಲ್ಲಿ ಮನೆ ಕಟ್ಟಿಕೊಂಡು, ಅದೇ ಮನೆಯ ಬಾಗಿಲನ್ನು ಅವಳ ಮುಖಕ್ಕೆ ಹಾಕಿದರು. ಗೌರಿ ಹಬ್ಬಕ್ಕೆ ತವರಿನ ಬಾಗಿನವೂ ಇಲ್ಲ.

"ತೇಗದ್ ಬಾಗ್ಲಕ್ಕ. ಅದ್ನೂ ನಾನೇ ಹಾಕ್ಸಿದ್ದು" ಅಂದು ಅವಳೇ ನಕ್ಕಳು. ನನಗೆ ನಗು ಬರಲಿಲ್ಲ.

ಸೀರೆ ವಾಪಸ್

ಸೀರೆಯ ಸೆರಗನ್ನು ಹೆಗಲಿಗೆ ಹಾಕಿಕೊಂಡು ಅವಳು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳೆಂದರೆ ಮುಗಿಯಿತು, ಬಿಲ್ ಹಾಕುವುದೇ. ಹಾಗಲವಾಡಿಯ ಅಜ್ಜಿಯೊಬ್ಬರು ಮಾತ್ರ ಮಾರನೇ ದಿನವೇ ಸೀರೆ ವಾಪಸ್ ತಂದರು.

"ಡ್ಯಾಮೇಜಾ ಅಜ್ಜಿ?"

"ಸೀರೆ ಸಂದಾಗೈತೆ ಕಣವ್ವ. ನಾನು ತಿರುಗುದ್ರೆ ಅದು ತಿರುಗಾಕಿಲ್ಲ. ಆ ಹುಡ್ಗೀನೂ ಜತೇಲಿ ಕಳ್ಸು."

ಬಾಗಿನ

ಒಂದು ದಿನ ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಬಂದರು. ಅವರ ಹೆಂಡತಿ ಮೊದಲೇ ಬಂದು, ಈ ಹುಡುಗಿಯ ಮುಂದೆ ಕೂತು ಮಗಳ ಮದುವೆಗೆ ಸೀರೆ ನೋಡುತ್ತಿದ್ದರು.

"ಇವ್ಳು ಬಾರಲ್ಲಿ ಕುಣೀತಿದ್ದೋಳು. ಇವತ್ತೇ ತೆಗೀರಿ. ಇಲ್ದಿದ್ರೆ ಈ ಬೀದೀಲಿ ಒಬ್ರೂ ನಿಮ್ಮಲ್ಲಿ ಮದ್ವೆ ಜವಳಿ ತೆಗೆಯಲ್ಲ" ಅಂದರು.

ಹುಡುಗಿ ಹರಡಿದ್ದ ಸೀರೆಗಳನ್ನು ಮಡಿಸತೊಡಗಿದಳು. ಇಂಥ ಮಾತಿನ ಮೇಲೆ ಕೆಲಸ ಕಳೆದುಕೊಂಡು ಅವಳಿಗೆ ಅಭ್ಯಾಸವಾಗಿಹೋಗಿತ್ತು. ನನಗೆ ರೇಗಿತು.

"ಅದು ಇವ್ಳೇ ಅಂತ ಏನ್ರೀ ಗ್ಯಾರಂಟಿ?"

"ಯಾರೋ ಹೇಳಿದ್ರು."

"ಯಾರೋ ಬೇರೆಯವ್ಳನ್ನ ನೋಡಿರ್ಬೇಕು ಬಿಡಿ."

ಯಜಮಾನರಿಗೆ ತಮ್ಮ ಮಾತನ್ನು ಯಾರಾದರೂ ಅನುಮಾನಿಸಿದರೆ ಆಗದು. "ಇವ್ಳೇ ಕಣ್ರೀ! ಆಗ ಕೂದ್ಲು ಇಷ್ಟುದ್ದ ಇರ್ಲಿಲ್ಲ, ಅಷ್ಟೇ!"

ಹೆಂಡತಿ ನಿಧಾನವಾಗಿ ತಲೆ ಎತ್ತಿದರು. ಅಷ್ಟರಲ್ಲಿ ಹುಡುಗಿಯೇ, "ಅಲ್ಲಿ ಲೈಟೆಲ್ಲ ನಮ್ ಮುಖಕ್ಕೇ ಇರ್ತಿತ್ತಕ್ಕ. ಕೂತಿದ್ದೋರು ಕಾಣ್ತಿರ್ಲಿಲ್ಲ. ಈ ಅಣ್ಣನ್ನ ನಾನು ನೋಡೇ ಇಲ್ಲ" ಅಂದಳು.

ತನ್ನ ಅನ್ನಕ್ಕೆ ಕಲ್ಲು ಹಾಕಲು ಬಂದವನ ಮಾನ ಮುಚ್ಚುತ್ತಿದ್ದಾಳಲ್ಲ ಅಂತ ನನಗೆ ಅವಳ ಮೇಲೂ ಸಿಟ್ಟು ಬಂತು. ಆದರೆ ಹೆಂಡತಿ, "ಅಣ್ಣ ಅಂದ್ಯಲ್ಲ, ಅಷ್ಟು ಸಾಕು ಬುಡವ್ವ" ಅಂದವರೇ ಮದುವೆ ಜವಳಿಯಷ್ಟನ್ನೂ ಅವಳ ಕೈಯಲ್ಲೇ ತೆಗೆಸಿದರು.

ಗೌರಿ ಹಬ್ಬದ ದಿನ ನೋಡಿದರೆ ಮರದ ಬಾಗಿನ ಎರಡೂ ಕೈಯಲ್ಲಿ ಹಿಡಿದು ಯಜಮಾನರು ಬರುತ್ತಿದ್ದಾರೆ, ಹಿಂದೆ ಹೆಂಡತಿ. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದಾರೆ. ಬಾಗಿನ ತೆಗೆದುಕೊಂಡ ಹುಡುಗಿಯ ಕಣ್ಣಲ್ಲಿ ನೀರು ತುಂಬಿಕೊಂಡಿತು. ಅವಳು ಕಾಲಿಗೆ ಬಿದ್ದಾಗ ಯಜಮಾನರು ನಾಚಿಕೆಯಿಂದ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಅವಳ ತಲೆಯ ಮೇಲೆ ಕೈಯಿಟ್ಟರು.

ಹಿಂದಿನಿಂದ ಹೆಂಡತಿ ಗದರಿದರು: "ಕಣ್ ಬುಟ್ಕಂಡ್ ಆಶೀರ್ವಾದ ಮಾಡ್ರೀ! ಅಲ್ಲೇನ್ ಮುಚ್ಕಂಡ್ ಕೂತಿದ್ರಾ?"