ಮಾವನವರ ರೇಡಿಯೋ ಕಡಲು ದಾಟಿದ್ದು

ಮೂವತ್ತೆರಡು ವರ್ಷ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂತು ಊರವರ ಗಂಟುಮೂಟೆಯನ್ನೆಲ್ಲ ಹೊರದೇಶಗಳಿಗೆ ಕಳಿಸಿದವನು ನಾನು. ನನ್ನ ಮನೆಯಿಂದ ಮಾತ್ರ ಒಂದು ಗುಂಡುಸೂಜಿಯೂ ಕಡಲು ದಾಟಿರಲಿಲ್ಲ. ನಿವೃತ್ತನಾದ ಮೂರನೇ ವಾರ, ಈ ಕಳಂಕ ತೊಳೆದೇ ತೀರಬೇಕೆಂದು ಪಣ ತೊಟ್ಟೆ. ಏನು ಕಳಿಸುವುದು ಅಂತ ಯೋಚಿಸಬೇಕಾಗಿಯೇ ಇರಲಿಲ್ಲ. ನಡುಮನೆಯ ಕಿಟಕಿ ಪಕ್ಕ, ಒಳ್ಳೆಯ ಬೆಳಕು ಬೀಳುವ ಜಾಗದಲ್ಲಿ, ನನ್ನ ಬರೆಯುವ ಮೇಜಿನ ಮುಕ್ಕಾಲು ಪಾಲು ಆಕ್ರಮಿಸಿಕೊಂಡು ಮಾವನವರ ರೇಡಿಯೋ ಕೂತಿತ್ತು. ಮರದ ಪೆಟ್ಟಿಗೆ, ಹನ್ನೊಂದು ಕಿಲೋ ತೂಕ. (ಮಗಳ ಜೊತೆಗೇ ಕೊಟ್ಟು ಕಳಿಸಿದ್ದರು. ಎರಡನ್ನೂ ವಾಪಸು ತಗೊಳ್ಳುವುದಿಲ್ಲ ಅಂತ ಅವತ್ತೇ ನಗುತ್ತಾ ಹೇಳಿದ್ದರು. ನಾನೂ ನಕ್ಕಿದ್ದೆ.)

ಆನ್‌ಲೈನ್ ಹರಾಜಿಗೆ ಹಾಕ್ತೀನಿ ಅಂದಾಗ ಹೆಂಡತಿ ರಣಚಂಡಿಯಾಗುತ್ತಾಳೆ ಅಂತ ಸೊಂಟ ಕಟ್ಟಿ ನಿಂತಿದ್ದೆ. ಅವಳು ಹೊಲಿಗೆ ಯಂತ್ರದಿಂದ ತಲೆಯನ್ನೇ ಎತ್ತಲಿಲ್ಲ. ಆ ಯಂತ್ರ ಇರುವುದು ಅಡುಗೆಮನೆಯ ಕತ್ತಲೆ ಮೂಲೆಯಲ್ಲಿ. ಸೂಜಿಗೆ ದಾರ ಪೋಣಿಸಲು ಹಟ್ಟಹಗಲಲ್ಲೂ ಟಾರ್ಚು ಬೇಕು.

"ಮಾರಿ. ಆದರೆ ಹೋದದ್ದು ವಾಪಸು ಬಂತು ಅನ್ನಿ, ಕಿಟಕಿ ಪಕ್ಕದ ಜಾಗ ನನ್ನ ಯಂತ್ರಕ್ಕೆ, ನಿಮ್ಮ ಮೇಜು ಈ ಮೂಲೆಗೆ. ಒಪ್ಪಿಗೇನಾ?" ಅಂದಳು.

ಒಪ್ಪಿದೆ. ನಾನು ಕಟ್ಟಿ ಕಳಿಸಿದ್ದು ವಾಪಸು ಬರುವುದೇ?

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಊರಿನ ಗುಜರಿಯವನು ರೇಡಿಯೋಗೆ ಸೌದೆಯ ಬೆಲೆ ಹೇಳಿ ಹೋಗಿದ್ದ. ಅದಕ್ಕೇ ಹರಾಜಿನ ತಾಣದಲ್ಲಿ 'ಎಲ್ಲ ದೇಶಗಳಿಗೂ ಕಳಿಸಲಾಗುವುದು' ಅನ್ನುವ ಕಡೆ ಗುರುತು ಹಾಕಿ, ವಿವರಣೆಯಲ್ಲಿ 'ಸುಸ್ಥಿತಿಯಲ್ಲಿದೆ' ಅಂತ ಒಂದೇ ಮಾತು ಬರೆದೆ. ಹೆಂಡತಿ ಹೆಗಲ ಮೇಲಿಂದ ಇಣುಕಿ, ಮುಖ ನೋಡದವರ ಹತ್ತಿರ ಸುಳ್ಳು ಹೇಳ್ತೀರಲ್ಲ, ಎಡಗಡೆ ಒಂದು ಏಟು ಹಾಕಿದರೆ ಮಾತ್ರ ಹಾಡುತ್ತೆ ಅಂತ ಸೇರಿಸಿ ಅಂದಳು. ಸೇರಿಸಿದೆ. ಇನ್ನು ಒಂದು ನೊಣವೂ ಇತ್ತ ಸುಳಿಯಲ್ಲ ಅಂದುಕೊಂಡೆ.

ಸುಳಿದರು, ಕಡಲಾಚೆಯ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಅವರ ಪತ್ರಗಳನ್ನು ಫೋನೇ ಕನ್ನಡಕ್ಕೆ ತಿರುಗಿಸಿ ಕೊಡುತ್ತಿತ್ತು. ಏಟು ಅಂಗೈಯಲ್ಲೋ ಮುಷ್ಟಿಯಲ್ಲೋ? ಎಷ್ಟು ದೂರದಿಂದ? ಪೆಟ್ಟಿಗೆಯ ತಳದಿಂದ ಎಷ್ಟು ಎತ್ತರದಲ್ಲಿ? ನಾನು ಸ್ಕೇಲು ಹಿಡಿದು ಅಳೆದು ಒಂದೊಂದಕ್ಕೂ ಉತ್ತರ ಕೊಟ್ಟೆ. ಕೌಂಟರಿನಲ್ಲಿ ಇದಕ್ಕಿಂತ ಕೊಂಕು ಪ್ರಶ್ನೆ ಕೇಳುವವರನ್ನು ಕಂಡವನು ನಾನು. ಕೊನೆಗೆ ಮೇಷ್ಟ್ರು, ಏಟಿನ ವಿಡಿಯೋ ಕಳಿಸಿ ಅಂದರು.

ವಿಡಿಯೋ ಹಿಡಿಯಲು ಫೋನನ್ನು ಒಂದು ಡಬ್ಬಕ್ಕೆ ಒರಗಿಸಿಟ್ಟು, ಪೆಟ್ಟಿಗೆಗೆ ಒಂದು ಹೊಡೆದೆ. ರೇಡಿಯೋ ಉಸಿರೆತ್ತಲಿಲ್ಲ. ಮತ್ತೆ ಹೊಡೆದೆ. ಹತ್ತನೇ ಏಟಿಗೆ ನನ್ನ ಕೈ ಊದಿತು, ಅದು ಗುಮ್ಮನ ಹಾಗೆ ಕೂತಿತ್ತು. ಹಿಟ್ಟು ನಾದುತ್ತಿದ್ದ ಹೆಂಡತಿ ಗದ್ದಲ ತಾಳಲಾರದೆ ಬಂದು, ಹಿಟ್ಟುಗೈಯಲ್ಲೇ ಪಟ್ ಅಂತ ಒಂದು ಕೊಟ್ಟಳು. ರೇಡಿಯೋ ಎದ್ದು ಕೂತ ಹಾಗೆ ಹಾಡತೊಡಗಿತು. "ಕೈಗುಣ ಬೇಕು ರೀ," ಅಂದು ಒಳಗೆ ಹೋದಳು. ನಾನು ನನ್ನ ಹತ್ತು ಏಟು ಕತ್ತರಿಸಿ ಅವಳದೊಂದನ್ನು ಉಳಿಸಿಕೊಂಡು ಕಳಿಸಿದೆ. (ಮೋಸ ಅನ್ನಬೇಡಿ. ಏಟು ಏಟೇ ತಾನೇ?)

ಹಿಟ್ಟು ಕಡ್ಡಾಯವೇ ಅಂತ ಮೇಷ್ಟ್ರು ಕೇಳಿದರು. ಐಚ್ಛಿಕ ಅಂತ ಬರೆದೆ. ಹರಾಜು ಅವರಿಗೇ ನಿಂತಿತು.

ಮೂರು ದಿನ ಪ್ಯಾಕ್ ಮಾಡಿದೆ. ಒಳಗೆ ಹತ್ತಿ, ಅದರ ಮೇಲೆ ರಟ್ಟು, ಅದರ ಮೇಲೆ ಗೋಣಿ, ಮೇಲೆ ನನ್ನ ದುಂಡು ಅಕ್ಷರದ ವಿಳಾಸ. ಅಂಚೆ ಕಚೇರಿಯಲ್ಲಿ ನನ್ನ ಜಾಗದಲ್ಲಿ ಕೂತಿದ್ದವಳು ನಾನೇ ಕೆಲಸ ಕಲಿಸಿದ ಹುಡುಗಿ. ಅಕ್ಷರ ಗೀಟು ದಾಟಿದೆ ಅಂತ ನನ್ನ ಕೈಲಿ ಸುಂಕದ ಫಾರಂ ಮೂರು ಸಲ ಬರೆಸಿದಳು. ಎಲ್ಲಿ ಕಲಿತೆಯಮ್ಮಾ ಇದನ್ನ ಅಂತ ಕೇಳುವ ಧೈರ್ಯ ಬರಲಿಲ್ಲ.

ತಿಂಗಳ ನಂತರ ಮೇಷ್ಟ್ರ ಪತ್ರ ಬಂತು: ಹಾಡುತ್ತಿಲ್ಲ. ನಾನು ಸೋಲುವ ಆಸಾಮಿಯೇ? ಪೆಟ್ಟಿಗೆಯ ಚಿತ್ರ ಬರೆದು, ಏಟಿನ ಜಾಗಕ್ಕೆ ಬಾಣದ ಗುರುತು ಹಾಕಿ ಕಳಿಸಿದೆ. ಹಾಡಲಿಲ್ಲ. ನಿಂತು ಹೊಡೆಯಿರಿ ಅಂದೆ. ಹಾಡಲಿಲ್ಲ. ಬೇರೆ ಏನೋ ಯೋಚಿಸುತ್ತಾ, ಕೋಪವನ್ನು ಒಳಗೇ ಇಟ್ಟುಕೊಂಡು ಹೊಡೆಯಿರಿ ಅಂದೆ. ಇತ್ತ ಹೆಂಡತಿ ಕಿಟಕಿ ಪಕ್ಕದ ಜಾಗವನ್ನು ಟೇಪು ಹಿಡಿದು ಅಳೆಯುತ್ತಿದ್ದಳು.

ಕೊನೆಯ ಪತ್ರ ಚಿಕ್ಕದಾಗಿತ್ತು. "ನಾನು ಹೊಡೆದೆ. ನನ್ನ ಹೆಂಡತಿ ಹೊಡೆದಳು. ಪಕ್ಕದ ಮನೆಯ ಬಡಗಿ ಹೊಡೆದ. ಹಿಟ್ಟು ಹಚ್ಚಿಕೊಂಡೂ ನೋಡಿದೆವು. ವಿಡಿಯೋದಲ್ಲಿದ್ದ ಕೈ ಪೆಟ್ಟಿಗೆಯಲ್ಲಿ ಇರಲಿಲ್ಲ. ಆದ್ದರಿಂದ ವಸ್ತು ವಿವರಣೆಯಂತಿಲ್ಲ, ವಾಪಸು ಕಳಿಸುತ್ತಿದ್ದೇನೆ."

ನಿಯಮ ಅವರ ಕಡೆಗಿತ್ತು. ರೇಡಿಯೋ ನನ್ನದೇ ಹತ್ತಿ, ನನ್ನದೇ ರಟ್ಟು, ನನ್ನದೇ ಗೋಣಿಯಲ್ಲಿ ಮರಳಿತು. ಒಂದು ದಾರವೂ ಅತ್ತಿತ್ತ ಆಗಿರಲಿಲ್ಲ. ಕಡಲು ಎರಡು ಸಲ ದಾಟಿಯೂ ಗೀರು ಬೀಳದ ಪ್ಯಾಕಿಂಗು ನೋಡಿ, ಅಂಥ ಹೊತ್ತಿನಲ್ಲೂ ನನಗೆ ಹೆಮ್ಮೆಯಾಯಿತು. ಕೆಟ್ಟೇಹೋಗಿದ್ದರೆ ಅದು ಪ್ರಯಾಣದ ತಪ್ಪು, ನಮ್ಮ ಒಪ್ಪಂದಕ್ಕೆ ಲೆಕ್ಕವಿಲ್ಲ ಅಂತ ಹೆಂಡತಿ ಹತ್ತಿರ ವಾದಿಸಬಹುದು ಅನ್ನುವ ಒಂದೇ ಆಸೆ ಉಳಿದಿತ್ತು. ಹೆಂಡತಿ ಬಂದಳು. ಪಟ್. ರೇಡಿಯೋ ಹವಾಮಾನ ವರದಿ ಓದತೊಡಗಿತು.

ನನ್ನ ಮೇಜನ್ನು ಎತ್ತಲು ಅವಳು ಒಂದು ತುದಿ ಹಿಡಿದಳು, ಇನ್ನೊಂದು ತುದಿಗೆ ನಾನೇ ಹೋಗಬೇಕಾಯಿತು.

ಮೇಷ್ಟ್ರು ತಾಣದಲ್ಲಿ ಅಭಿಪ್ರಾಯ ಬರೆದಿದ್ದರು: ಪ್ಯಾಕಿಂಗ್ ಅಮೋಘ, ಆ ಕೈ ಎಂದಾದರೂ ಹರಾಜಿಗೆ ಬಂದರೆ ತಿಳಿಸಿ. ಇದಕ್ಕೆ ನಾನೇ ಉತ್ತರ ಬರೀತೀನಿ ಅಂತ ಹೆಂಡತಿ ಫೋನು ಕಿತ್ತುಕೊಂಡಳು. ಬರೆದದ್ದು ಇಷ್ಟು: "ಕೈ ಮಾರಾಟಕ್ಕಿಲ್ಲ. ಆಗಾಗ ಒಂದು ತಟ್ಟದಿದ್ದರೆ ಕೆಲಸ ಮಾಡದ ಇನ್ನೊಂದು ಹಳೆ ಸಾಮಾನು ಮನೆಯಲ್ಲಿದೆ. ಬೇಕಿದ್ದರೆ ಪ್ಯಾಕಿಂಗ್ ಅದೇ ಮಾಡಿಕೊಳ್ಳುತ್ತೆ."

ಮರುದಿನವೇ ಉತ್ತರ ಬಂತು. ಬರೆದವರು ಮೇಷ್ಟ್ರಲ್ಲ, ಅವರ ಹೆಂಡತಿ. ಅಡುಗೆಮನೆಯ ಮೂಲೆಯಲ್ಲಿ ಟಾರ್ಚು ಹಿಡಿದು ಕನ್ನಡಕ ಹುಡುಕಿಕೊಂಡು ಓದಿದೆ:

"ಬೇಡಮ್ಮಾ. ನಮ್ಮಲ್ಲೂ ಒಂದಿದೆ. ವಾಪಸು ತಗೊಳ್ಳುವವರಿಲ್ಲ."