ಆರು ತಟ್ಟೆಗೊಂದು ಸ್ಟ್ಯಾಂಡು

ಮಂಡ್ಯದವಳಾದ ನಾನು ಶಹಾಪುರದ ಶಾಲೆಗೆ ಟೀಚರಾಗಿ ಬಂದು ಎರಡು ವರ್ಷವಾಯಿತು. ವಾರಕ್ಕೊಂದು ಪಜೀತಿ ತಪ್ಪಿದ್ದಿಲ್ಲ. ಹೆಚ್ಚಿನವಕ್ಕೆ ನನ್ನ ಬಾಯಿಯೇ ಕಾರಣ. ಕುತೂಹಲ ಜಾಸ್ತಿ, ತಾಳ್ಮೆ ಕಡಿಮೆ.

೧. ಸೂತ್ರ

ಇಲ್ಲಿನವರು ಮನೆಗೆ ಮನಿ, ಗೋಡೆಗೆ ಗೋಡಿ, ಎಲೆಗೆ ಎಲಿ ಅನ್ನುವುದನ್ನು ಬಂದ ವಾರದಲ್ಲೇ ಕಂಡುಹಿಡಿದೆ. ಕೊನೆಯ 'ಎ' ತೆಗೆದು 'ಇ' ಹಾಕಿಬಿಟ್ಟರೆ ನಾನೂ ಈ ಊರಿನವಳೇ. ಹುರುಪಿನಲ್ಲಿ ಅಂಗಡಿಗೆ ಹೋಗಿ ಒಂದು ಡಜನ್ 'ಮೊಟ್ಟಿ' ಕೇಳಿದೆ. ಅಂಗಡಿಯವರು ಅಟ್ಟದಿಂದ ಬಿದಿರಿನ ಬುಟ್ಟಿಗಳನ್ನು ಒಂದೊಂದಾಗಿ ಇಳಿಸತೊಡಗಿದರು. ಐದನೆಯದನ್ನು ಇಳಿಸುವಾಗ ಕೇಳಿದರು, "ಮನ್ಯಾಗ ಮದಿವಿ ಐತೇನ್ರಿ?"

ಇಲ್ಲಿ ಮೊಟ್ಟೆಗೆ ತತ್ತಿ ಅನ್ನುತ್ತಾರೆಂದು ಅವತ್ತು ಗೊತ್ತಾಯಿತು. ಸಂಕೋಚಕ್ಕೆ ಎರಡು ಬುಟ್ಟಿ ಹೊತ್ತು ತಂದೆ.

೨. ಬಡಿಗೇರ ಕಾಕಾ

ಅಮ್ಮ ಕೊಟ್ಟಿದ್ದ ಆರು ಹಿತ್ತಾಳೆ ತಟ್ಟೆ ಇನ್ನೂ ಗೋಣಿಚೀಲದಲ್ಲೇ ಇದ್ದವು. ಮೊದಲ ಸಲ ನನ್ನ ಮನೆ ನೋಡಲು ಹೊರಟ ಅಮ್ಮ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು: ತಟ್ಟೆ ಚೀಲದಿಂದ ಈಚೆ ಬಂದಿಲ್ಲ ಅಂದರೆ ಆ ಊರಿಗೆ ನೀನು ಒಗ್ಗಿಲ್ಲ ಅಂತಲೇ ಅರ್ಥ, ಸುಮ್ಮನೆ ವರ್ಗಾವಣೆಗೆ ಅರ್ಜಿ ಹಾಕು. ನನಗೋ ಈ ಊರು ಬಿಡಲು ಸುತರಾಂ ಇಷ್ಟವಿಲ್ಲ. ಓಣಿಯ ಕೊನೆಯಲ್ಲಿ ಮರಗೆಲಸ ಮಾಡುವ ಬಡಿಗೇರ ಕಾಕಾನ ಬಳಿ ಓಡಿದೆ.

"ತಟ್ಟಿ ಇಡಾಕ ಗೋಡಿಗೆ ಒಂದು ಕಟ್ಟಿಗಿ ಸ್ಟ್ಯಾಂಡ್ ಬೇಕ್ರಿ" ಅಂದೆ.

ಹಲಗೆ ಉಜ್ಜುತ್ತಿದ್ದ ಕಾಕಾನ ರಂದಾ ನಿಂತಿತು. ಎಲ್ಲಿ ಹಾಕಬೇಕು ಅಂತ ಕೇಳಿದರು. ಪಡಸಾಲೆಯಲ್ಲೇ, ಬಂದವರ ಕಣ್ಣಿಗೆ ಬೀಳಬೇಕು ಅಂದೆ. ಎಷ್ಟು ಅಂದರು. ಆರು, ನಮ್ಮಮ್ಮ ಕೊಟ್ಟಿದ್ದು, ಹದಿನೈದು ವರ್ಷದಿಂದ ಜೋಪಾನ ಮಾಡಿದ್ದೇನೆ ಅಂದೆ.

ಕಾಕಾ ರಂದಾ ಕೆಳಗಿಟ್ಟು ಕೇಳಿದರು, "ವಾಸನಿ ಬರಂಗಿಲ್ಲೇನ್ರಿ?"

"ಇಲ್ರಿ, ಹುಣಸಿಹಣ್ಣು ಹಾಕಿ ತಿಕ್ಕತೀನಿ."

೩. ಅಮ್ಮ ಬಂದರು

ಅಮ್ಮ ಬಂದ ದಿನ ಸಂಜೆಯೇ ನನ್ನ 'ಎ–ಇ' ಸೂತ್ರವನ್ನು ಜಂಬದಿಂದ ಅವರಿಗೂ ಕಲಿಸಿದೆ. ಮರುದಿನ ಬೆಳಿಗ್ಗೆ ಅವರು ಸ್ನಾನಕ್ಕೆ ಹೋಗಿದ್ದಾಗ ಕಾಕಾ ಸ್ಟ್ಯಾಂಡು ತಂದರು. ಚೆಂದದ ಬೇವಿನ ಹಲಗೆ. ಅದರಲ್ಲಿ ಸಾಲಾಗಿ ಆರು ಗುಂಡನೆಯ ತೂತು. ಇದ್ಯಾಕೆ ಎಂದರೆ ತತ್ತಿ ಕೂರಿಸಲು ಎಂದರು.

ನಾನು ಗಾಬರಿಯಾಗಿ ಚೀಲದಿಂದ ತಟ್ಟೆ ತೆಗೆದು ತೋರಿಸಿದೆ.

"ಗಂಗಾಳ ಅನ್ನಬಾರದೇನ್ರಿ ಅಕ್ಕೋರ" ಎಂದು ಕಾಕಾ ಹಣೆ ಚಚ್ಚಿಕೊಂಡರು. ಆಮೇಲೆ ದನಿ ತಗ್ಗಿಸಿದರು. "ಉರ್ದುದಾಗ ತಟ್ಟಿ ಅಂದ್ರ ಸಂಡಾಸ್ರಿ. ಸಾಲಿ ಕಲಸೋರು ಅಂಥಾದ್ದು ಅನ್ನಂಗಿಲ್ಲ, ತತ್ತಿ ಅಂದಿರಬೇಕು ಅಂತ ನಾನ ತಿದ್ದಕೊಂಡೆ."

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಹದಿನೈದು ವರ್ಷದ ತತ್ತಿ ಎಂದು ನಂಬಿದಿರಾ ಅಂತ ಕೇಳಿದ್ದಕ್ಕೆ, ಇನ್ನೊಂದಕ್ಕಿಂತ ಅದೇ ವಾಸಿ ಅನಿಸಿತು ಅಂದರು.

ಪಾಪ, ಅಲ್ಲೇ ಕೂತು ತೂತಿನ ಹಲಗೆಯನ್ನೇ ತಳಕ್ಕೆ ಮಾಡಿ, ತಟ್ಟೆ ಜಾರದಂತೆ ಮುಂದೊಂದು ಪಟ್ಟಿ ಹೊಡೆದು ಗೋಡೆಗೆ ಕೂರಿಸಿಕೊಟ್ಟರು. ಸ್ನಾನ ಮುಗಿಸಿ ಬಂದ ಅಮ್ಮ ಸಾಲಾಗಿ ನಿಂತ ತಟ್ಟೆಗಳನ್ನು ನೋಡಿ ಕಣ್ಣೊರೆಸಿಕೊಂಡರು. ಅರ್ಜಿಗಿರ್ಜಿ ಏನೂ ಬೇಡ, ಇಲ್ಲೇ ಇರು ಅಂದರು.

ಅಮ್ಮನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ನಾನು ತಡೆಯುವಷ್ಟರಲ್ಲಿ ಬಾಗಿಲಿಗೆ ಹೋಗಿ, ನಳದ ಹತ್ತಿರ ನೀರಿಗೆ ನಿಂತಿದ್ದ ಓಣಿಯ ಹೆಂಗಸರನ್ನೆಲ್ಲ ಹೊಸದಾಗಿ ಕಲಿತ ಭಾಷೆಯಲ್ಲಿ ಪ್ರೀತಿಯಿಂದ ಕರೆದರು:

"ಎಲ್ಲಾರೂ ಬರ್ರಿ, ನನ್ನ ಮಗಳು ಗೋಡಿ ತುಂಬ ತಟ್ಟಿ ಇಟ್ಟಾಳ, ನೋಡಬರ್ರಿ."